ಕೆಡಿಪಿ ಸಭೆಗೆ ಪಿಪಿಟಿ: ಮೊದಲು ಫಾಂಟ್ ನೋಡಿ

ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪ್ರಗತಿ ಪರಿಶೀಲನಾ ಸಭೆಗೆ ಇಲಾಖೆಯ ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡ್‌ಗಳನ್ನು, ಮಾಡುವ ಕೆಲಸ ಸಾಮಾನ್ಯವಾಗಿ ಹೊಸದಾಗಿ ಬಂದ ದ್ವಿತೀಯ ದರ್ಜೆ ಸಹಾಯಕರ ಪಾಲಿಗೆ ಬೀಳುತ್ತದೆ. ‘ನಿಮಗೆ ಕಂಪ್ಯೂಟರ್ ಬರುತ್ತದಲ್ಲ’ ಎಂಬುದೇ ಅದಕ್ಕೆ ಅರ್ಹತೆ. ನಾನೂ ಹಾಗೆ ಸಿಕ್ಕಿಕೊಂಡವಳು; ಪ್ರಥಮ ದರ್ಜೆಗೆ ಬಂದ ಮೇಲೂ ಆ ಕೆಲಸ ನನ್ನನ್ನು ಬಿಟ್ಟಿಲ್ಲ. ಹಾರಿ ಬರುವ ಅಕ್ಷರ, ಹೂವಿನ ಹಿನ್ನೆಲೆ ಇವುಗಳ ಗೊಡವೆ ಬೇಡ. ಸಭೆಯ ಕಂಪ್ಯೂಟರಿನಲ್ಲಿ ಫೈಲ್ ತೆರೆದುಕೊಳ್ಳಬೇಕು, ಕೇಳಿದ ಅಂಕಿ ಕೂಡಲೇ ಸಿಗಬೇಕು.

ಮೊದಲ ಕಂಟಕ ಫಾಂಟ್. ಹಳೆಯ ನುಡಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಫೈಲಿನೊಳಗೆ ಕನ್ನಡವಾಗಿ ಇರುವುದೇ ಇಲ್ಲ. ಅಲ್ಲಿರುವುದು ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪರದೆಯ ತುಂಬ ಕೊಂಬು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಪರೀಕ್ಷೆ ಸುಲಭ: ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಸಂಕೇತ. ಇಲ್ಲವಾದರೆ ನುಡಿಯಿಂದ ಯೂನಿಕೋಡ್‌ಗೆ ತರುವ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಬದಲಿಸಿ, ನಂತರ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲೇ. ಹೊಸ ಟೈಪಿಂಗ್ ಕಲಿಯಬೇಕೆಂಬ ಭಯ ಬೇಡ. ನುಡಿಯಲ್ಲಿ ಬಳಸುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಯೂನಿಕೋಡ್‌ನಲ್ಲೂ ಇದೆ, ಬೆರಳಿನ ಅಭ್ಯಾಸ ಬದಲಾಗುವುದಿಲ್ಲ. ಯೂನಿಕೋಡ್‌ನಿಂದ ಇನ್ನೊಂದು ಲಾಭ, ಹಳ್ಳಿಯ ಹೆಸರನ್ನು ಕನ್ನಡದಲ್ಲೇ ಹೊಡೆದು ಹುಡುಕಬಹುದು. ಏನೇ ಇರಲಿ, ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಡಿ. ಸಾಮಾನ್ಯವಾಗಿ ಫಾಂಟ್ ಅದರೊಳಗೇ ಸೇರಿಕೊಂಡಿರುತ್ತದೆ.

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು ಬರಲಿ: 2025-07-15-ಕೆಡಿಪಿ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ 15ನೇ ತಾರೀಖಿನವು ಒಂದೆಡೆ ಗುಂಪಾಗುತ್ತವೆ. ‘ಅಂತಿಮ’, ‘ಅಂತಿಮ ಹೊಸದು’ ಎಂಬ ಹೆಸರುಗಳನ್ನು ನನ್ನ ವಿಭಾಗದಲ್ಲಿ ನಿಷೇಧಿಸಿದ್ದೇನೆ.

ಇನ್ನು ಸ್ಲೈಡ್. ಎಕ್ಸೆಲ್‌ನ ಹದಿನೈದು ಕಾಲಂಗಳನ್ನು ಹಾಗೆಯೇ ತಂದು ಅಂಟಿಸಿದರೆ ಹಿಂದಿನ ಸಾಲಿನವರಿಗೆ ಇರುವೆ ಸಾಲು ಕಂಡಂತೆ. ಕಾಮಗಾರಿ, ಗುರಿ, ಸಾಧನೆ, ಖರ್ಚು, ಷರಾ, ಇಷ್ಟು ಸಾಕು. ಅಕ್ಷರದ ಗಾತ್ರ 24ಕ್ಕಿಂತ ಇಳಿಯದಿರಲಿ. ಹಾಗಾದರೆ ಪಂಚಾಯಿತಿವಾರು ವಿವರ ಎಲ್ಲಿ? ಅದು ಕೊನೆಯಲ್ಲಿ, ಮರೆಮಾಡಿದ ಸ್ಲೈಡ್‌ಗಳಲ್ಲಿ. ಎಡಬದಿಯ ಪಟ್ಟಿಯಲ್ಲಿ ಆ ಸ್ಲೈಡಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ‘ಹೈಡ್ ಸ್ಲೈಡ್’ ಸಿಗುತ್ತದೆ. ಪ್ರದರ್ಶನದಲ್ಲಿ ಅದು ತಾನಾಗಿ ಬರುವುದಿಲ್ಲ. ಆದರೆ ಸ್ಲೈಡ್ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಯಾವ ಪಂಚಾಯಿತಿ ಯಾವ ಸಂಖ್ಯೆ ಎಂಬ ಪಟ್ಟಿ ಮುದ್ರಿಸಿ ಕೈಯಲ್ಲಿ ಹಿಡಿದಿರಿ. ‘ಆ ಅಂಗನವಾಡಿ ಕಟ್ಟಡ ಏನಾಯಿತು?’ ಎಂದು ಶಾಸಕರು ಕೇಳುತ್ತಾರೆ, ನೀವು 34 ಒತ್ತಿ ಎಂಟರ್ ಹೊಡೆಯುತ್ತೀರಿ. ನಮ್ಮ ಇಲಾಖೆಯ ಸಾಹೇಬರ ಮುಖ ಅರಳುವುದು ಅಪರೂಪ, ಆಗ ಅರಳುತ್ತದೆ.

ಸಭಾಂಗಣಕ್ಕೆ ಅರ್ಧ ಗಂಟೆ ಮೊದಲೇ ಹೋಗಿ. ಹಳೆಯ ಪ್ರೊಜೆಕ್ಟರ್ ವಿಜಿಎ ಕೇಬಲ್ ಕೇಳುತ್ತದೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಮಾತ್ರ ಇರಬಹುದು. ಎರಡನ್ನೂ ಜೋಡಿಸುವ ಅಡಾಪ್ಟರ್ ಚೀಲದಲ್ಲಿರಲಿ. ಪರದೆ ಬಾರದಿದ್ದರೆ ವಿಂಡೋಸ್ ಕೀ ಮತ್ತು ಪಿ ಒಟ್ಟಿಗೆ ಒತ್ತಿ ‘ಡುಪ್ಲಿಕೇಟ್’ ಆರಿಸಿ. ವಾಟ್ಸ್‌ಆ್ಯಪ್ ವೆಬ್ ಮುಚ್ಚಿಬಿಡಿ, ಮನೆಯ ಸಂದೇಶ ಶಾಸಕರು ಓದುವಂಥದ್ದಲ್ಲ. ಕೀಲಿಮಣೆಯನ್ನು ಇಂಗ್ಲಿಷ್‌ಗೆ ತಂದಿಟ್ಟುಕೊಳ್ಳಿ. ಎಫ್5 ಮೊದಲಿನಿಂದ ಶುರು ಮಾಡುತ್ತದೆ. ನಡುವೆ ನಿಂತರೆ ಶಿಫ್ಟ್ ಜೊತೆ ಎಫ್5 ಒತ್ತಿ, ಇದ್ದ ಸ್ಲೈಡಿನಿಂದಲೇ ಮುಂದುವರಿಯುತ್ತದೆ. ಚರ್ಚೆ ಬೇರೆಡೆ ಹೊರಳಿದಾಗ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಕರೆಂಟ್ ಹೋಗುವ ಊರಾದರೆ ಮುಖ್ಯ ಪುಟಗಳ ಮುದ್ರಿತ ಪ್ರತಿ ಸಾಹೇಬರ ಮುಂದಿರಲಿ.

ಸಭೆ ಮುಗಿದ ದಿನವೇ ಒಂದು ಎಕ್ಸೆಲ್ ಹಾಳೆ ತೆರೆಯಿರಿ: ಕೊಟ್ಟ ಸೂಚನೆ, ಯಾರ ಹೊಣೆ, ಗಡುವು, ಕೈಗೊಂಡ ಕ್ರಮ. ಸಭೆಯ ನಡವಳಿ (ತೀರ್ಮಾನಗಳ ಅಧಿಕೃತ ಬರಹ) ಕೈಗೆ ಬಂದಾಗ ಹೋಲಿಸಿ ತಿದ್ದಿಕೊಳ್ಳಿ. ಸೂಚನೆಗಳ ಮೇಲೆ ಏನು ಕ್ರಮವಾಯಿತೆಂದು ಮುಂದಿನ ಸಭೆಗೆ ಕೊಡುವ ಅನುಪಾಲನಾ ವರದಿಗೆ ಕೊನೆಯ ಕಾಲಂ ತುಂಬುವುದಷ್ಟೇ ಬಾಕಿ ಉಳಿಯುತ್ತದೆ.