ಗೇರ್ ಹಾರ್ಡನಿಂಗ್: ಕಣ್ಣು ಹಲ್ಲಿನ ಬುಡದ ಮೇಲಿರಲಿ

ಪೀಣ್ಯದ ಜಾಬ್ ವರ್ಕ್ ಶೆಡ್‌ಗಳಿಗೆ ವಾಪಸ್ ಬರುವ ಗೇರ್‌ಗಳನ್ನು ಗಮನಿಸಿ. ಹಲವುಗಳಲ್ಲಿ ಹಲ್ಲು ಸವೆದಿರುವುದಿಲ್ಲ, ಬುಡದಲ್ಲೇ ಮುರಿದಿರುತ್ತದೆ. ಇಂಡಕ್ಷನ್ ಹಾರ್ಡನಿಂಗ್‌ನಲ್ಲಿ, ಅಂದರೆ ವಿದ್ಯುತ್ ಕಾಯಿಲ್‌ನಿಂದ ಗೇರಿನ ಮೇಲ್ಮೈ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡುವ ವಿಧಾನದಲ್ಲಿ, ಕಾಯಿಸುವ ಹಂತ ಕೆಟ್ಟರೆ ಹೀಗಾಗುತ್ತದೆ.

ಮೊದಲು ಉಕ್ಕು. ಎಂಎಸ್‌ನಲ್ಲಿ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಇಂಗಾಲ ಕಡಿಮೆ, ಎಷ್ಟು ಕಾಯಿಸಿದರೂ ಗಟ್ಟಿಯಾಗದು. ಶೇ 0.4ರಷ್ಟು ಇಂಗಾಲವಿರುವ ಇಎನ್8 ದರ್ಜೆಯ ಉಕ್ಕು ಸಾಕು. ಭಾರ ಹೆಚ್ಚಿದ್ದರೆ ಇಎನ್19. ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಸರಳು ಬೇಡವೇ ಬೇಡ.

ಬರ್ (ಕತ್ತರಿಸಿದಾಗ ಅಂಚಿನಲ್ಲಿ ಉಳಿದ ಲೋಹದ ಮುಳ್ಳು) ತೆಗೆದು, ಚೂಪು ಅಂಚು ಉಜ್ಜಿ, ಎಣ್ಣೆ ಒರೆಸಿ. ಗೇರನ್ನು ಕಾಯಿಲ್‌ನ ನಟ್ಟನಡುವೆ ಕೂರಿಸಿ ತಿರುಗಿಸಿ. ಅಂತರ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗಕೂಡದು.

ಈಗ ಕಾಯಿಸುವುದು. ಕಾಯಿಲ್‌ನ ವಿದ್ಯುತ್ತಿನ ಫ್ರೀಕ್ವೆನ್ಸಿ ಹೆಚ್ಚಿದ್ದಷ್ಟೂ ಶಾಖ ಮೇಲ್ಮೈಗೆ ಸೀಮಿತ, ಹಲ್ಲಿನ ತುದಿ ಬೇಗ ಕೆಂಪಾಗುತ್ತದೆ. ತುದಿ ಕಿತ್ತಳೆ ಬಣ್ಣಕ್ಕೆ ಬಂದಾಗಲೂ ಬುಡ ಕಪ್ಪಗೇ ಇರಬಹುದು. ಆಪರೇಟರ್ ಅಲ್ಲೇ ಸ್ವಿಚ್ ಆಫ್ ಮಾಡಿದರೆ ಗಟ್ಟಿ ಪದರ ಬುಡಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತದೆ. ಹಲ್ಲನ್ನು ಬಗ್ಗಿಸುವ ಒತ್ತಡವೆಲ್ಲ ಬೀಳುವುದು ಆ ಬುಡದಲ್ಲೇ. ಹಾಗೆಂದು ಎಳೆದೆಳೆದು ಕಾಯಿಸಿದರೆ ತುದಿಯ ಕಣರಚನೆ ಒರಟಾಗಿ ಬಿರುಕು ಬಿಡುತ್ತದೆ. ದಾರಿ ಇದು: ಕಡಿಮೆ ಪವರ್‌ನಲ್ಲಿ ಬೆಚ್ಚಗೆ ಮಾಡಿ, ಕೆಲವು ಸೆಕೆಂಡ್ ಬಿಡಿ, ಶಾಖ ಒಳಗಿಳಿಯಲಿ, ಆಮೇಲೆ ಪೂರ್ತಿ ಪವರ್ ಕೊಟ್ಟು ಬುಡವನ್ನೂ 850–900 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ದೊಡ್ಡ ಮಾಡ್ಯೂಲ್‌ನ (ಅಂದರೆ ದೊಡ್ಡ ಹಲ್ಲಿನ) ಗೇರ್‌ಗೆ ಹತ್ತು ಕಿಲೋಹರ್ಟ್ಸ್ ಆಸುಪಾಸಿನ ಮೀಡಿಯಂ ಫ್ರೀಕ್ವೆನ್ಸಿ ಯಂತ್ರವೇ ಬೇಕು. ಇರುವ ಹೈ ಫ್ರೀಕ್ವೆನ್ಸಿ ಯಂತ್ರದಲ್ಲೇ ಹೇಗೋ ಮುಗಿಸಿಕೊಡುತ್ತೇವೆ ಎನ್ನುವವರಿಗೆ ಕೆಲಸ ಕೊಡಬೇಡಿ.

ಪವರ್ ನಿಂತ ಕೂಡಲೇ ಕ್ವೆಂಚ್, ಅಂದರೆ ತಣಿಸುವ ದ್ರವ, ಚಿಮ್ಮಬೇಕು. ಇಎನ್19ಗೆ ಬರೀ ನೀರು ಹಾಕಿದರೆ ಸೀಳುತ್ತದೆ, ಪಾಲಿಮರ್ ದ್ರಾವಣವೇ ಸರಿ. ಅದರ ಸಾಂದ್ರತೆಯನ್ನು ದಿನವೂ ರಿಫ್ರಾಕ್ಟೋಮೀಟರ್‌ನಲ್ಲಿ (ಬೆಳಕು ಬಾಗುವುದರಿಂದ ಸಾಂದ್ರತೆ ಅಳೆಯುವ ಉಪಕರಣ) ನೋಡಿ, ಅದು ತೋರಿಸಿದ ಅಂಕಿಯನ್ನು ಪಾಲಿಮರ್ ತಯಾರಕರು ಕೊಟ್ಟ ಗುಣಕದಿಂದ ಗುಣಿಸಿ. ಆ ಗುಣಕ ಎಷ್ಟೆಂದು ಹೇಳಲಾಗದವರ ಡಬ್ಬಿ ಅಗ್ಗವಾದರೂ ಕೊಳ್ಳಬೇಡಿ.

ಟೆಂಪರಿಂಗ್ ಅನ್ನು, ಅಂದರೆ ಪೆಡಸುತನ ಇಳಿಸಲು ಮತ್ತೆ ಹದವಾಗಿ ಕಾಯಿಸುವುದನ್ನು, ನಾಳೆಗೆ ಇಡಬೇಡಿ. ಅದೇ ಪಾಳಿಯಲ್ಲಿ, 180 ಡಿಗ್ರಿ ಆಸುಪಾಸಿನಲ್ಲಿ, ಒಂದೂವರೆ ಗಂಟೆಯಾದರೂ ಓವನ್‌ನಲ್ಲಿರಲಿ.

ಹಲ್ಲಿಗೆ ಉಜ್ಜಿದ ಅರ ಕಚ್ಚದೆ ಜಾರಿತು ಎಂದ ಮಾತ್ರಕ್ಕೆ ಪಾಸ್ ಮಾಡುವುದು ಸಾಲದು. ಅರ ಬುಡಕ್ಕೆ ತಲುಪುವುದೇ ಇಲ್ಲ. ಲಾಟ್‌ನ ಮೊದಲ ಗೇರನ್ನು ಅಡ್ಡ ಕೊಯ್ದು, ಪಾಲಿಶ್ ಮಾಡಿ ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಹಚ್ಚಿ. ಗಟ್ಟಿ ಪದರದ ಗೆರೆ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಅದು ಬುಡದ ತಿರುವನ್ನು ದಾಟಿ ಮುಂದಿನ ಹಲ್ಲಿಗೆ ಮುರಿಯದೆ ಸಾಗಿದ್ದರೆ ಮಾತ್ರ ಉಳಿದವನ್ನು ಯಂತ್ರಕ್ಕೆ ಹಾಕಿ.