ಟ್ರೌಟ್ ಹಿಡಿಯಲು ಫ್ಲೈ ಕಟ್ಟುವುದು ಹೇಗೆ?

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಊಟದ ಟೇಬಲ್ ಮೇಲೆ ತಟ್ಟೆಗೆ ಜಾಗ ಇರುವುದಿಲ್ಲ. ಗರಿ, ದಾರ, ಗಾಳ, ಕತ್ತರಿ ಹರಡಿರುತ್ತವೆ. ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಬಂದವರು, ಹೋಗಬೇಕು ಅಂದುಕೊಂಡವರು ನಾಲ್ಕೈದು ಜನ ಬಂದು ಕೂರುತ್ತಾರೆ. ಯಾರೇ ಬರಲಿ, ಮೊದಲ ದಿನ ಮಾಡುವ ತಪ್ಪು ಒಂದೇ. ಗಾಳದ ಕಣ್ಣಿನವರೆಗೂ ಗರಿ ಸುತ್ತಿಬಿಡುತ್ತಾರೆ. ಟೇಬಲ್ ಮೇಲೆ ಅದು ಚೆಂದವೇ. ಬೆಳಗಿನ ಆರು ಗಂಟೆಗೆ ನದಿ ದಂಡೆಯಲ್ಲಿ, ಬೆರಳು ಮರಗಟ್ಟಿರುವಾಗ, ಆ ಮುಚ್ಚಿಹೋದ ಕಣ್ಣಿಗೆ ನೈಲಾನ್ ಎಳೆ ತೂರಿಸಿ ನೋಡಿ, ಗೊತ್ತಾಗುತ್ತದೆ.

ಟ್ರೌಟ್ ನೀರಿನ ಹುಳ, ಹುಳದ ಮರಿ, ಪುಟ್ಟ ಮೀನುಗಳನ್ನು ತಿಂದು ಬದುಕುವ ಮೀನು. ಹಿಮಾಚಲದ ಹೊಳೆಗಳಿಗೆ ಬ್ರೌನ್ ಟ್ರೌಟ್ ತಂದು ಬಿಟ್ಟದ್ದು 1909ರಲ್ಲಿ, ಬ್ರಿಟಿಷರು. ಅದರ ಬಾಯಿಗೆ ಎರೆಹುಳದ ಬದಲು ಗರಿಯಿಂದ ಮಾಡಿದ ಸುಳ್ಳು ಹುಳ ಕೊಡುವುದೇ ಫ್ಲೈ ಕಟ್ಟುವ ಕೆಲಸ. ‘ನೊಣ’ ಅಂದರೆ ನಗು ಬರುತ್ತದೆ, ಫ್ಲೈ ಅಂತಲೇ ಇರಲಿ.

ಮೊದಲ ಫ್ಲೈ ಯಾವುದು? ವೂಲಿ ಬಗ್ಗರ್. ಇದರಲ್ಲಿ ಚರ್ಚೆ ಬೇಡ. ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ 1967ರಲ್ಲಿ ಕಟ್ಟಿದ್ದು. ದೊಡ್ಡದು, ಒರಟು, ಕಣ್ಣಿಗೆ ಕಾಣುವಂಥದ್ದು. ಮೀನಿಗೆ ಅದು ಜಿಗಣೆಯೋ, ಹುಳದ ಮರಿಯೋ, ಸಣ್ಣ ಮೀನೋ, ಏನಾಗಿ ಕಂಡರೂ ಸರಿ. ನೀರಿನ ಮೇಲೆ ತೇಲುವ ‘ಒಣ’ ಫ್ಲೈಗಳ ವಿಡಿಯೊ ನೋಡಿ ಮೊದಲ ದಿನವೇ ಸೊಳ್ಳೆ ಗಾತ್ರದ್ದನ್ನು ಕಟ್ಟಲು ಕೂತವರು ಎರಡನೇ ಭಾನುವಾರ ಬಂದದ್ದನ್ನು ನಾನು ಕಂಡಿಲ್ಲ.

ಬೇಕಾದ ಸಾಮಾನು: ಉದ್ದ ಕಡ್ಡಿಯ 8ನೇ ನಂಬರ್ ಗಾಳ (ನಂಬರ್ ಹೆಚ್ಚಾದಷ್ಟು ಗಾಳ ಚಿಕ್ಕದು, 18 ದೊಡ್ಡದಿರಬಹುದು ಅಂತ ತರಿಸಿಕೊಂಡು ಪೇಚಾಡಬೇಡಿ), ಅದನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್, ಕಪ್ಪು ಫ್ಲೈ ದಾರ, ತೆಳು ಸೀಸದ ತಂತಿ, ಬಾಲಕ್ಕೆ ಮರಬೂ ಅಂದರೆ ಟರ್ಕಿ ಕೋಳಿಯ ಮೃದು ತುಪ್ಪಳ, ಮೈಗೆ ಪಾಚಿ ಬಣ್ಣದ ಶೆನಿಲ್ ಅನ್ನುವ ಜುಂಗುಜುಂಗಾದ ಹುರಿ, ತಾಮ್ರದ ತಂತಿ, ಹುಂಜದ ಗರಿ. ಹೊಲಿಗೆ ದಾರ ಬೇಡ. ದಪ್ಪ ಜಾಸ್ತಿ, ತಲೆ ಕಡಲೆಕಾಳಿನಷ್ಟಾಗುತ್ತದೆ. ತಾಮ್ರದ ತಂತಿಗೆ ಆನ್‌ಲೈನ್‌ನಲ್ಲಿ ದುಡ್ಡು ಸುರಿಯಬೇಡಿ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಒಂದು ತುಂಡು ಸುಮ್ಮನೆ ಕೊಡುತ್ತಾರೆ.

‘ಆರಂಭಿಕರ ಕಿಟ್’ ಅಂತ ಮರದ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಅದನ್ನು ಕೊಳ್ಳಬೇಡಿ. ನಾನು ಕೊಂಡು ಕೆಟ್ಟವನು. ವೈಸ್ ಗಾಳವನ್ನು ಹಿಡಿಯುವುದಿಲ್ಲ, ದಾರ ಎಳೆದ ಕೂಡಲೇ ಗಾಳ ತಲೆಬಾಗುತ್ತದೆ. ಒಳಗಿನ ಗರಿಗಳೋ, ನೆಲ ಗುಡಿಸಿ ತುಂಬಿದ ಹಾಗಿದ್ದವು. ವೈಸ್ ಒಂದಕ್ಕೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿ.

ಗರಿ ಊರಲ್ಲೇ ಸಿಗುತ್ತದೆ. ಬ್ರಾಯ್ಲರ್ ಪುಕ್ಕ ಕೆಲಸಕ್ಕೆ ಬಾರದು. ನಾಟಿ ಹುಂಜದ ಬೆನ್ನಿನ ಕೊನೆಯಲ್ಲಿ, ಬಾಲದ ಬುಡದ ಎರಡೂ ಪಕ್ಕ ಇಳಿಬಿದ್ದ ಉದ್ದ ಗರಿಗಳು ಬೇಕು. ವರ್ಷತೊಡಕಿಗೆ ಹುಂಜ ಕುಯ್ದಾಗ, ಬಿಸಿನೀರಿಗೆ ಅದ್ದುವ ಮೊದಲೇ ಕಿತ್ತಿಟ್ಟುಕೊಳ್ಳಿ. ಶಾಂಪೂ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಂದು ವಾರ ಫ್ರೀಜರ್‌ನಲ್ಲಿಡಿ, ಹೇನು ಸಾಯಲಿ. ಮನೆಯವರಿಗೆ ಹೇಳಿಯೇ ಇಡಿ. ಕಾಡುಕೋಳಿ ಗರಿ ತಂದುಕೊಡಲಾ ಅಂತ ಮಲೆನಾಡಿನ ಗೆಳೆಯರು ಕೇಳುತ್ತಾರೆ. ಅದರ ಕುತ್ತಿಗೆಯ ಮೇಣದಂಥ ಹಳದಿ ಚುಕ್ಕೆಯ ಗರಿಗೆ ಸಾಲ್ಮನ್ ಫ್ಲೈ ಕಟ್ಟುವವರು ಪ್ರಾಣ ಬಿಡುತ್ತಾರೆ, ನಿಜ. ಆದರೆ 1972ರ ವನ್ಯಜೀವಿ ಕಾಯ್ದೆ ಕಾಪಾಡುವ ಹಕ್ಕಿ ಅದು. ಮುಟ್ಟಬೇಡಿ.

ಹಂತ 1. ಇಕ್ಕಳದಿಂದ ಗಾಳದ ಮೊನೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಗಾಳವನ್ನು ವೈಸ್‌ಗೆ ಸಿಕ್ಕಿಸಿ, ಕಣ್ಣು ಬಲಕ್ಕಿರಲಿ. ಕಡ್ಡಿಯ ಉದ್ದಕ್ಕೂ ದಾರ ಸುತ್ತಿ. ಕಣ್ಣಿನ ಹಿಂದೆ, ಕಣ್ಣಿನ ಎರಡರಷ್ಟು ಅಗಲ ಖಾಲಿ ಬಿಟ್ಟು, ಅಲ್ಲಿಂದ ಶುರು ಮಾಡಿ. ಆ ಖಾಲಿ ಜಾಗ ಕೊನೇ ಹಂತದವರೆಗೂ ಖಾಲಿಯೇ ಇರಬೇಕು.

ಹಂತ 2. ಕಡ್ಡಿಯ ಮಧ್ಯಕ್ಕೆ ಹತ್ತು ಸುತ್ತು ಸೀಸದ ತಂತಿ. ಆಮೇಲೆ ಕೈ ತೊಳೆದುಕೊಳ್ಳಿ.

ಹಂತ 3. ಮರಬೂ ತುದಿಯನ್ನು ಬೆರಳಲ್ಲಿ ಒದ್ದೆ ಮಾಡಿ ಒಟ್ಟುಗೂಡಿಸಿ, ಗಾಳ ಬಾಗುವ ಜಾಗದಲ್ಲಿ ಬಾಲ ಕಟ್ಟಿ. ಕಡ್ಡಿಯಷ್ಟೇ ಉದ್ದ ಸಾಕು. ಹೆಚ್ಚಾದರೆ ಕತ್ತರಿಸಬೇಡಿ, ಉಗುರಲ್ಲಿ ಚಿವುಟಿ. ಕತ್ತರಿ ಆಡಿಸಿದ ಬಾಲ ಪೊರಕೆಯಂತಾಗುತ್ತದೆ.

ಹಂತ 4. ಅಲ್ಲೇ ತಾಮ್ರದ ತಂತಿ, ಶೆನಿಲ್ ಎರಡರ ತುದಿಯನ್ನೂ ಕಟ್ಟಿ, ದಾರವನ್ನು ಮುಂದಕ್ಕೆ ತನ್ನಿ. ತಂತಿ ಹಿಂದೆ ನೇತಾಡುತ್ತಿರಲಿ. ಶೆನಿಲ್ ಅನ್ನು ಒತ್ತೊತ್ತಾಗಿ ಮುಂದಕ್ಕೆ ಸುತ್ತಿ ಕಟ್ಟಿ, ಉಳಿದದ್ದು ಕತ್ತರಿಸಿ. ಇನ್ನೊಂದು ಸುತ್ತು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ.

ಹಂತ 5. ಇಲ್ಲಿ ಕುರ್ಚಿ ಹತ್ತಿರ ಎಳೆದುಕೊಳ್ಳಿ. ಎಲ್ಲರೂ ಕೆಡಿಸುವುದು ಇಲ್ಲೇ.

ಗರಿಯನ್ನು ಗಾಳಕ್ಕೆ ಅಡ್ಡ ಬಗ್ಗಿಸಿ ನೋಡಿ. ಎಳೆಗಳು ಗಾಳದ ಬಾಯಿಯ, ಅಂದರೆ ಮೊನೆಗೂ ಕಡ್ಡಿಗೂ ನಡುವಿನ ಅಂತರದ, ಒಂದೂವರೆಯಷ್ಟು ಉದ್ದ ಇರಬೇಕು. ಬುಡದ ತುಪ್ಪಳವನ್ನು ಕಿತ್ತುಹಾಕಿ, ದಂಟು ಬರಿದಾಗಲಿ. ಬಹಳಷ್ಟು ಕಡೆ ಗರಿಯ ತುದಿಯನ್ನು ಬಾಲದ ಹತ್ತಿರ ಕಟ್ಟಿ ಮುಂದಕ್ಕೆ ಸುತ್ತಲು ಹೇಳಿಕೊಡುತ್ತಾರೆ. ನಾನೂ ಹಾಗೇ ಕಟ್ಟುತ್ತಿದ್ದೆ. ತೀರ್ಥನ್‌ನಲ್ಲಿ ಮೊದಲ ಟ್ರೌಟ್ ಕಚ್ಚಿತು, ಅದರ ಹಲ್ಲಿಗೆ ದಂಟು ತುಂಡಾಯಿತು. ಮೀನು ಬಿಡಿಸುವಷ್ಟರಲ್ಲಿ ಗರಿಯೆಲ್ಲ ಬಿಚ್ಚಿ ನೀರಲ್ಲಿ ತೇಲಿಹೋಯಿತು. ಅಂದಿನಿಂದ ಉಲ್ಟಾ: ಬುಡವನ್ನು ಮುಂದೆ ಕಟ್ಟಿ ಹಿಂದಕ್ಕೆ ಸುತ್ತುವುದು.

ಶೆನಿಲ್ ಮುಗಿದ ಜಾಗದಲ್ಲಿ ದಂಟನ್ನು ಐದಾರು ಸುತ್ತು ದಾರದಿಂದ ಬಿಗಿಯಿರಿ. ಗರಿಯ ಹೊಳೆಯುವ ಮೈ ಕಣ್ಣಿನ ಕಡೆ, ಮಂಕು ಮೈ ಬಾಲದ ಕಡೆ. ಇದು ತಿರುಗುಮುರುಗಾದರೆ ಎಳೆಗಳು ಗಾಳಿಗೆ ಉಲ್ಟಾ ಆದ ಕೊಡೆಯ ಹಾಗೆ ಮುಂದಕ್ಕೆ ಬಾಗುತ್ತವೆ. ಗರಿಯ ತುದಿಯನ್ನು ಹಿಡಿದು ಅಲ್ಲೇ ಒತ್ತಾಗಿ ಎರಡು ಸುತ್ತು ಹಾಕಿ, ಆಮೇಲೆ ಅಂತರ ಬಿಟ್ಟು ಐದು ಸುತ್ತಿನಲ್ಲಿ ಬಾಲ ತಲುಪಿ. ನಿಮ್ಮ ಕಡೆಯಿಂದ ಮೇಲೆ ಹಾಯಿಸಿ ಆಚೆಗೆ, ಕೆಳಗಿನಿಂದ ಈಚೆಗೆ ಸುತ್ತಬೇಕು.

ಈಗ ಒಂದು ಕೈಯಲ್ಲಿ ಗರಿಯ ತುದಿ, ಇನ್ನೊಂದರಲ್ಲಿ ತಂತಿ. ಬಾಲದ ಬುಡದಲ್ಲಿ ತಂತಿಯನ್ನು ಗರಿಯ ತುದಿಯ ಮೇಲೆ ಒಂದು ಸುತ್ತು ಹಾಕಿ ಎಳೆದರೆ ಗರಿ ಸಿಕ್ಕಿಬಿತ್ತು, ಕೈ ಬಿಡಬಹುದು. ತಂತಿಯನ್ನು ಮುಂದಕ್ಕೆ ಸುತ್ತುತ್ತ ಬನ್ನಿ. ಯಾವ ದಿಕ್ಕಿಗೆ? ಗರಿ ಸುತ್ತಿದ ದಿಕ್ಕಿಗೇ, ಮೇಲಿನಿಂದ ಆಚೆಗೆ. ‘ತಂತಿಯನ್ನು ವಿರುದ್ಧ ದಿಕ್ಕಿಗೆ ಸುತ್ತಿ’ ಎಂದು ಎಲ್ಲೋ ಓದಿಕೊಂಡು ಬಂದವರು ಇಲ್ಲಿ ಜಗಳಕ್ಕೆ ನಿಲ್ಲುತ್ತಾರೆ. ಆ ಮಾತು ಗರಿ ಹಿಂದಿನಿಂದ ಮುಂದಕ್ಕೆ ಬಂದಿದ್ದರೆ ಸರಿ. ನಮ್ಮ ಗರಿ ಮುಂದಿನಿಂದ ಹಿಂದಕ್ಕೆ ಹೋಗಿದೆ, ತಂತಿ ಹಿಂದಿನಿಂದ ಮುಂದಕ್ಕೆ ಬರುತ್ತಿದೆ. ಒಂದೇ ದಿಕ್ಕಿಗೆ ಸುತ್ತಿದರೆ ಮಾತ್ರ ತಂತಿ ದಂಟನ್ನು ಅಡ್ಡಹಾಯುತ್ತದೆ. ವಿರುದ್ಧ ಸುತ್ತಿದರೆ ದಂಟಿನ ಪಕ್ಕದಲ್ಲೇ ಮಲಗಿಬಿಡುತ್ತದೆ. ನಂಬಿಕೆ ಬರದಿದ್ದರೆ ಪೆನ್ಸಿಲ್‌ಗೆ ಎರಡು ಬಣ್ಣದ ದಾರ ಸುತ್ತಿ ನೋಡಿ.

ಸುತ್ತುವಾಗ ತಂತಿಯನ್ನು ಗರಗಸದಂತೆ ಸಣ್ಣಗೆ ಹಿಂದೆ ಮುಂದೆ ಆಡಿಸುತ್ತಿರಿ. ಆಗ ಅದು ಎಳೆಗಳ ನಡುವೆ ಇಳಿಯುತ್ತದೆ, ಅವುಗಳನ್ನು ಹಿಸುಕುವುದಿಲ್ಲ. ಸಿಕ್ಕಿಬಿದ್ದ ಒಂದೆರಡನ್ನು ಸೂಜಿಯಿಂದ ಎಬ್ಬಿಸಿ. ಮುಂದೆ ಬಂದ ತಂತಿಯನ್ನು ದಾರದಿಂದ ಕಟ್ಟಿ, ಎಡಕ್ಕೆ ಬಲಕ್ಕೆ ಆಡಿಸಿದರೆ ತಾನೇ ಮುರಿಯುತ್ತದೆ. ಒಳ್ಳೆಯ ಕತ್ತರಿಯ ಬಾಯನ್ನು ಇದಕ್ಕೆ ಹಾಳುಮಾಡಬೇಡಿ. ಹಿಂದೆ ಉಳಿದ ಗರಿಯ ತುದಿಯನ್ನು ಮಾತ್ರ ಕತ್ತರಿಸಿ.

ಹಂತ 6. ನೀವು ಉಳಿಸಿಕೊಂಡ ಜಾಗ ಈಗ ಬೇಕು. ಅಲ್ಲಿ ಏಳೆಂಟು ಸುತ್ತು ದಾರದಿಂದ ಪುಟ್ಟ ತಲೆ ಮಾಡಿ, ಐದು ಸುತ್ತಿನ ವಿಪ್ ಫಿನಿಷ್ ಗಂಟು (ದಾರವನ್ನು ಅದರದೇ ಸುತ್ತುಗಳ ಅಡಿಗೆ ಸಿಕ್ಕಿಸುವ ಗಂಟು) ಹಾಕಿ, ದಾರ ಕತ್ತರಿಸಿ. ಆ ಗಂಟಿಗೊಂದು ಸಲಕರಣೆ ಬರುತ್ತದೆ, ಅಗ್ಗದ್ದೇ ಸಾಕು. ತಲೆಗೆ ಒಂದು ಹನಿ ಬಣ್ಣವಿಲ್ಲದ ಉಗುರು ಪಾಲಿಶ್. ಸೂಪರ್ ಗ್ಲೂ ಬೇಡ. ನಮ್ಮ ಅಣ್ಣನ ಮಗ ಅದನ್ನು ಸುರಿದು ಆರು ಫ್ಲೈಗಳ ಕಣ್ಣನ್ನೂ ಕಲ್ಲಾಗಿಸಿದ, ಜೊತೆಗೆ ತನ್ನ ಎರಡು ಬೆರಳನ್ನೂ ಅಂಟಿಸಿಕೊಂಡ. ಪಾಲಿಶ್ ಒಣಗುವ ಮೊದಲು ಕಣ್ಣಿನೊಳಗೆ ಒಂದು ಗರಿಯ ದಂಟನ್ನು ತೂರಿಸಿ ಎಳೆದುಬಿಡಿ.

ಇನ್ನು ಬಕೆಟ್ ನೀರು. ಫ್ಲೈಗೆ ದಾರ ಕಟ್ಟಿ ಮುಳುಗಿಸಿ, ಎರಡೆರಡು ಇಂಚು ಎಳೆದು ಬಿಡಿ. ಒಣಗಿದ್ದಾಗ ಉಬ್ಬಿದ್ದ ಮರಬೂ ಸಣ್ಣಗಾಗಿ ಬಳುಕಬೇಕು, ಎಳೆತ ನಿಂತಾಗ ಗರಿಯ ಎಳೆಗಳು ಬಿಚ್ಚಿಕೊಳ್ಳಬೇಕು. ಬಾಲ ಕಡ್ಡಿಯಂತೆ ನಿಂತರೆ ಮರಬೂ ಹೆಚ್ಚಾಗಿದೆ, ಅರ್ಧ ಚಿವುಟಿ. ಹೊಳೆಯಲ್ಲೂ ಇದೇ ಎಳೆತ: ಹರಿವಿಗೆ ಅಡ್ಡ ಎಸೆದು, ತೇಲಿ ಇಳಿಯಲು ಬಿಟ್ಟು, ಗಿಡ್ಡಗಿಡ್ಡ ಎಳೆಯುತ್ತ ವಾಪಸ್.

ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಉಳಿದ ತಿಂಗಳಲ್ಲೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಆ ನಾಲ್ಕು ತಿಂಗಳು ಕೂತು ಒಂದು ಡಜನ್ ಕಟ್ಟಿಟ್ಟುಕೊಳ್ಳಿ. ಅರ್ಧದಷ್ಟನ್ನು ತೀರ್ಥನ್‌ನ ಬಂಡೆಗಳೇ ಇಟ್ಟುಕೊಳ್ಳುತ್ತವೆ.