585ರಿಂದ ಹುಡುಕಾಟ: ಕೋಡ್ ಬರೆಯದೆ ನಮ್ಮ ಭಾಗದ ಸ್ಟಾರ್ಟಪ್‌ಗಳನ್ನು ಗುರುತಿಸುವ ಬಗೆ

ಕಲಬುರಗಿಯಲ್ಲಿ ನನಗೆ ಪರಿಚಯವಿರುವ ಹಲವು ವ್ಯಾಪಾರಸ್ಥರು ತಮ್ಮ ಉಳಿತಾಯವನ್ನು ಹೈದರಾಬಾದಿನ ನಿವೇಶನಗಳಲ್ಲಿ ತೊಡಗಿಸುತ್ತಾರೆ. ಊರಿನ ಯುವಕರು ಕಟ್ಟಿದ ಕಂಪನಿಗೆ ಬಂಡವಾಳ ಹಾಕಬಾರದೇಕೆ ಎಂದು ಕೇಳಿದರೆ, "ಅಂಥಾ ಕಂಪನಿ ನಮ್ಮ ಕಡಿ ಎಲ್ಲಿ ಅವರೀ?" ಎನ್ನುತ್ತಾರೆ. ಕಂಪನಿಗಳು ಇವೆ, ಆದರೆ ಸುದ್ದಿಯಲ್ಲಿಲ್ಲ. ಬಂಡವಾಳದ ಸುದ್ದಿಗಳನ್ನು ಜಾಲಿಸುವ ಉಪಕರಣಗಳಲ್ಲಿ ಉಳಿಯುವುದು ಬಹುತೇಕ ಬೆಂಗಳೂರಿನ ಹೆಸರುಗಳೇ ಆದ್ದರಿಂದ, ಕಲಬುರಗಿ, ಬೀದರ್, ಯಾದಗಿರಿಗಳ ಹುಡುಕಾಟವು ಸುದ್ದಿಯಿಂದಲ್ಲ, ಸರ್ಕಾರಿ ನೋಂದಣಿಯಿಂದ ಆರಂಭವಾಗಬೇಕು. ಇದಕ್ಕೆ ಒಂದು ಗೂಗಲ್ ಶೀಟ್ ಮತ್ತು ಮೇಕ್, ಝೇಪಿಯರ್ ಅಥವಾ ಎನ್‌ಎಯ್ಟ್‌ಎನ್‌ನಂಥ ಒಂದು ಜೋಡಣೆ ಸೇವೆ (ಒಂದು ಆ್ಯಪಿನ ಮಾಹಿತಿಯನ್ನು ಇನ್ನೊಂದಕ್ಕೆ ತಾನಾಗಿಯೇ ಸಾಗಿಸುವಂಥದ್ದು) ಸಾಕು.

ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ರಾಜ್ಯವಾರು ಕಂಪನಿಗಳ ಪಟ್ಟಿ ದೊರೆಯುತ್ತದೆ. ಅದರಲ್ಲಿ ಹೆಸರು, ನೋಂದಣಿ ದಿನಾಂಕ, ಪಾವತಿಯಾದ ಬಂಡವಾಳ (ಷೇರುದಾರರು ಕಟ್ಟಿದ ಹಣ), ನೋಂದಾಯಿತ ಕಚೇರಿಯ ವಿಳಾಸ ಇರುತ್ತವೆ. ಇಡೀ ಕರ್ನಾಟಕದ ಪಟ್ಟಿಯನ್ನು ನೇರವಾಗಿ ಶೀಟಿಗೆ ತುಂಬಬೇಡಿ: ಗೂಗಲ್ ಶೀಟಿನ ಮಿತಿ 1 ಕೋಟಿ ಕೋಶಗಳು, ಅದಕ್ಕಿಂತ ಬಹಳ ಮೊದಲೇ ಅದು ತೆವಳತೊಡಗುತ್ತದೆ. ಮೊದಲು ನಮ್ಮ ಭಾಗದ ಸಾಲುಗಳನ್ನಷ್ಟೇ ಸೋಸಿಕೊಳ್ಳಬೇಕು.

ಸೋಸುವಾಗ ಊರಿನ ಹೆಸರನ್ನು ನಂಬಿ ನಾನು ಮೊದಲ ಸಲ ಕೆಟ್ಟೆ. ಗುಲ್ಬರ್ಗ ಎಂಬ ಹೆಸರು ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಹಳೆಯ ಕಂಪನಿಗಳ ವಿಳಾಸದಲ್ಲಿ ಇಂದಿಗೂ ಗುಲ್ಬರ್ಗ ಎಂದೇ ಇರುತ್ತದೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ, ಆದ್ದರಿಂದ ಶಹಾಪುರ, ಸುರಪುರಗಳ ಕೆಲವು ವಿಳಾಸಗಳು ಗುಲ್ಬರ್ಗ ಜಿಲ್ಲೆಯ ಹೆಸರಿನಲ್ಲಿಯೇ ಉಳಿದಿವೆ. ಇಂಗ್ಲಿಷ್ ಕಾಗುಣಿತಗಳಂತೂ ಊರಿಗೆ ಮೂರು ಬಗೆ. ಇವೆಲ್ಲವನ್ನೂ ದಾಟುವ ಸುಲಭ ದಾರಿ ಪಿನ್ ಕೋಡ್. ಕಲಬುರಗಿಯ 585101, ಯಾದಗಿರಿಯ 585201, ಬೀದರಿನ 585401 ಇವನ್ನು ನೋಡಿದರೆ ಮೂರೂ ಜಿಲ್ಲೆಗಳು 585ರ ಅಡಿಯಲ್ಲಿ ಸೇರುವುದು ಗೊತ್ತಾಗುತ್ತದೆ. ಬರಿ 585 ಎಂದು ಹುಡುಕಿದರೆ ಮನೆ ನಂಬರುಗಳೂ ಬಂದು ಸೇರುತ್ತವೆ; 585ರ ನಂತರ ಇನ್ನೂ ಮೂರು ಅಂಕಿಗಳಿರಬೇಕು, ನಡುವೆ ಒಂದು ಖಾಲಿ ಜಾಗ ಇದ್ದರೂ ಇರಬಹುದು ಎಂಬ ನಿಯಮ ಕೊಡಿ.

ಮುಂದಿನ ಕೆಲಸ ಕಂಪನಿಯ ಗುರುತಿನ ಸಂಖ್ಯೆಯನ್ನು, ಅಂದರೆ ಸಿಐಎನ್ ಅನ್ನು, ಓದುವುದು. ಅದರಲ್ಲಿ 21 ಅಕ್ಷರಗಳಿರುತ್ತವೆ. ಮೊದಲ ಅಕ್ಷರ ಎಲ್ ಆದರೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ, ಯು ಆದರೆ ಅಲ್ಲ. ನಂತರದ ಐದು ಅಂಕಿಗಳು ಉದ್ಯಮದ ಸಂಕೇತ, ಆಮೇಲಿನ ಎರಡು ಅಕ್ಷರಗಳು ರಾಜ್ಯ, ನಾಲ್ಕು ಅಂಕಿಗಳು ನೋಂದಣಿಯ ವರ್ಷ. ಶೀಟಿನ ಮಿಡ್ ಸೂತ್ರಕ್ಕೆ ಒಂಬತ್ತನೆಯ ಸ್ಥಾನದಿಂದ ನಾಲ್ಕು ಅಕ್ಷರ ತೆಗೆಯಲು ಹೇಳಿದರೆ ವರ್ಷ ಸಿಗುತ್ತದೆ, ಎರಡನೆಯ ಸ್ಥಾನದಿಂದ ಐದು ಎಂದರೆ ಉದ್ಯಮ ಸಿಗುತ್ತದೆ. ಆದರೆ ಉದ್ಯಮ ಸಂಕೇತದಲ್ಲಿ ಹಳೆಯ ಮತ್ತು ಹೊಸ ವರ್ಗೀಕರಣಗಳು ಬೆರೆತಿವೆ. ಆಹಾರ ಸಂಸ್ಕರಣೆ 2004ರ ವರ್ಗೀಕರಣದಲ್ಲಿ 15ರಿಂದ, 2008ರದ್ದರಲ್ಲಿ 10ರಿಂದ ಆರಂಭವಾಗುತ್ತದೆ. ಸಾಫ್ಟ್‌ವೇರ್ 72 ಇದ್ದದ್ದು 62 ಆಗಿದೆ. ಎರಡನ್ನೂ ಸೇರಿಸಿ ಸೋಸದಿದ್ದರೆ ಅರ್ಧ ಪಟ್ಟಿ ಕಣ್ಣಿಗೆ ಬೀಳದು.

ಹೀಗೆ ಉಳಿದ ಪಟ್ಟಿಯಲ್ಲಿ ರೈತ ಉತ್ಪಾದಕ ಕಂಪನಿಗಳೂ ಬರುತ್ತವೆ. ಹೆಸರಿನ ಕೊನೆಯಲ್ಲಿ 'ಪ್ರೊಡ್ಯೂಸರ್ ಕಂಪನಿ ಲಿಮಿಟೆಡ್' ಎಂದಿರುವ ಇವುಗಳಲ್ಲಿ ಉತ್ಪಾದಕರು ಮತ್ತು ಅವರ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ಹೊರಗಿನ ಹೂಡಿಕೆದಾರರಿಗೆ ಷೇರು ಸಿಗುವುದಿಲ್ಲ. ಅಳಿಸಿ ಹಾಕದೆ ಬೇರೆ ಹಾಳೆಗೆ ಸರಿಸಿ. ತೇವಾಂಶ ಅಳೆಯುವ ಸಾಧನವನ್ನೋ ಲೆಕ್ಕಪತ್ರದ ಆ್ಯಪ್ ಅನ್ನೋ ಮಾರಲು ಹೊರಟ ಹೊಸ ಕಂಪನಿಗೆ ಇವರೇ ಮೊದಲ ಗ್ರಾಹಕರು, ಹಾಗಾಗಿ ಯಾವ ತಾಲ್ಲೂಕಿನಲ್ಲಿ ಇವು ಹೆಚ್ಚುತ್ತಿವೆ ಎಂಬುದು ನಮಗೆ ಬೇಕಾದ ಸುಳಿವು. ಇನ್ನೊಂದು ಮಾತು: ಬೀದರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಅಲ್ಲಿ ನೋಂದಾಯಿಸಿ ಇಲ್ಲಿ ಕೆಲಸ ಮಾಡುವವರು ಪಿನ್ ಕೋಡ್ ಜರಡಿಯಲ್ಲಿ ಸಿಗುವುದಿಲ್ಲ, ಅವರನ್ನು ಕಾಲೇಜುಗಳ ಮತ್ತು ಎಪಿಎಂಸಿ ಯಾರ್ಡಿನ ಪರಿಚಯಸ್ಥರ ಮೂಲಕವೇ ಕೇಳಿ ತಿಳಿಯಬೇಕು.

ಇನ್ನು ಪ್ರವೃತ್ತಿಯನ್ನು ಗುರುತಿಸುವ ಭಾಗ. ನನ್ನ ದೃಷ್ಟಿಯಲ್ಲಿ ಪ್ರವೃತ್ತಿ ಎಂದರೆ ಜನರ ತೊಂದರೆಯೊಂದು ಹೆಚ್ಚುತ್ತಿರುವುದು, ಪತ್ರಿಕೆಗಳಲ್ಲಿ ಪದವೊಂದು ಹೆಚ್ಚುತ್ತಿರುವುದಲ್ಲ. 2022ರಲ್ಲಿ ನೆಟೆ ರೋಗದಿಂದ ತೊಗರಿ ಒಣಗಿದಾಗ ರೈತರು ಹುಡುಕಿದ್ದು ಬೀಜೋಪಚಾರವನ್ನು, ತಾಳಿಕೊಳ್ಳುವ ತಳಿಯನ್ನು. ಅಂಥ ಪದಗಳನ್ನೇ ಹಿಂಬಾಲಿಸಬೇಕು. ಕೊಟ್ಟ ಪದದ ಹೊಸ ಸುದ್ದಿಯನ್ನು ತಿಳಿಸುವ ಗೂಗಲ್ ಅಲರ್ಟ್ಸ್‌ನಲ್ಲಿ 'ನೆಟೆ ರೋಗ', 'ತೊಗರಿ ಸಂಸ್ಕರಣೆ', 'ಬಿದರಿ ಕಲೆ ಮಾರಾಟ' ಮುಂತಾದ ಪದಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಟ್ಟು, ಇಮೇಲಿನ ಬದಲು ಆರ್‌ಎಸ್‌ಎಸ್ ಫೀಡ್ (ಹೊಸ ಸುದ್ದಿಗಳ ಶೀರ್ಷಿಕೆ, ಕೊಂಡಿಗಳು ತಾನಾಗಿಯೇ ಬಂದು ಸೇರುವ ಪಟ್ಟಿ) ಆಯ್ದುಕೊಳ್ಳಿ. ಬರಿ 'ಬೀದರ್' ಎಂದು ಕೊಟ್ಟರೆ ಅಪಘಾತ ಮತ್ತು ರಾಜಕೀಯದ ಸುದ್ದಿಯೇ ತುಂಬುತ್ತದೆ. ಶೀಟಿನ ಇಂಪೋರ್ಟ್‌ಫೀಡ್ ಸೂತ್ರ ಆ ಕ್ಷಣದ ಸಾಲುಗಳನ್ನಷ್ಟೇ ತೋರಿಸಿ ಹಳೆಯವನ್ನು ಬಿಟ್ಟುಬಿಡುತ್ತದೆ. ಹಿಂದಿನದರೊಡನೆ ಹೋಲಿಸಬೇಕಾದ ನಮಗೆ ಅದು ಸಾಲದು. ಆದ್ದರಿಂದ ಫೀಡಿನಲ್ಲಿ ಹೊಸದು ಬಂದ ಕೂಡಲೇ ಶೀಟಿನ ಕೊನೆಗೆ ಒಂದು ಸಾಲು ಸೇರಿಸುವಂತೆ ಜೋಡಣೆ ಸೇವೆಯಲ್ಲಿ ಹೊಂದಿಸಿ.

ಪದವೊಂದರ ಹುಡುಕಾಟದ ಏರಿಳಿತವನ್ನು ತೋರಿಸುವ ಗೂಗಲ್ ಟ್ರೆಂಡ್ಸ್ ಅಂಕಿಗಳನ್ನು ತಿಂಗಳಿಗೊಮ್ಮೆ ಕೈಯಾರೆ ಇಳಿಸಿಕೊಂಡು ಅಂಟಿಸಿದರೂ ಸಾಕು. ಅಲ್ಲಿನ 100 ಎಂಬುದು ಹುಡುಕಾಟಗಳ ಎಣಿಕೆಯಲ್ಲ, ಆಯ್ದ ಅವಧಿಯಲ್ಲಿನ ಗರಿಷ್ಠ ಮಟ್ಟ. ಕಡಿಮೆ ಜನ ಹುಡುಕುವ ಕನ್ನಡ ಪದವೂ ಒಂದು ವಾರ 100 ಮುಟ್ಟಿ ಮರುವಾರ ಸೊನ್ನೆಗೆ ಇಳಿಯಬಹುದು. ಎಪಿಎಂಸಿಗಳ ದಿನದ ಧಾರಣೆಯೂ ಅದೇ ಮುಕ್ತ ದತ್ತಾಂಶ ತಾಣದಲ್ಲಿದೆ. ಇವನ್ನೆಲ್ಲ ಹಿಂದಿನ ತಿಂಗಳ ಬದಲು ಕಳೆದ ವರ್ಷದ ಅದೇ ತಿಂಗಳಿನೊಡನೆ ಹೋಲಿಸಿ. ತೊಗರಿಯ ಕೊಯ್ಲು ಡಿಸೆಂಬರ್, ಜನವರಿಯಲ್ಲಿ ನಡೆಯುವುದರಿಂದ ಆಗ ಅಂಕಿಗಳು ಏರಿಳಿಯುತ್ತವೆ, ಅದನ್ನು ಹೊಸ ಪ್ರವೃತ್ತಿ ಎಂದು ಭ್ರಮಿಸುವುದು ಬಹಳ ಸುಲಭ.

ಕೊನೆಯ ಜೋಡಣೆ ಸರಳ. ಪ್ರತಿ ಸೋಮವಾರ ಬೆಳಿಗ್ಗೆ, ಕಳೆದ ವಾರ ಸೇರಿದ ಸಾಲುಗಳಲ್ಲಿ ನಿಮ್ಮ ಪದಗಳಿಗೆ ಹೊಂದುವವನ್ನು ಮಾತ್ರ ಟೆಲಿಗ್ರಾಮಿಗೆ ಅಥವಾ ಇಮೇಲಿಗೆ ಕಳಿಸುವಂತೆ ಮಾಡಿ. ಉಚಿತ ಯೋಜನೆಗಳಿಗೆ ತಿಂಗಳ ಮಿತಿ ಇರುವುದರಿಂದ ಗಂಟೆಗೊಮ್ಮೆ ಓಡಿಸುವ ಅಗತ್ಯವಿಲ್ಲ. ಲಿಂಕ್ಡ್‌ಇನ್‌ನಿಂದ ಯಂತ್ರದ ಮೂಲಕ ಮಾಹಿತಿ ಎಳೆಯುವುದನ್ನು ಅದರ ನಿಯಮಗಳೇ ನಿಷೇಧಿಸುತ್ತವೆ. ನಿರ್ದೇಶಕರ ಫೋನ್ ನಂಬರು, ಮನೆ ವಿಳಾಸಗಳನ್ನು ಕೂಡಿಡುವುದನ್ನೂ ನಾನು ಒಪ್ಪುವುದಿಲ್ಲ.

ಇಷ್ಟೆಲ್ಲ ಸೋಸಿದ ಮೇಲೂ ಹೆಸರೊಂದು ಉಳಿದು ನಿಂತರೆ, ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿ ಅದರ ಸಾರ್ವಜನಿಕ ದಾಖಲೆಗಳನ್ನು ನೋಡಿ: ಲೆಕ್ಕಪತ್ರ ಸಲ್ಲಿಸಿದೆಯೇ, ಆಸ್ತಿಯ ಮೇಲೆ ಸಾಲದ ಹೊರೆ ಇದೆಯೇ, ಷೇರುಗಳು ಯಾರ ಕೈಯಲ್ಲಿವೆ. ಆಮೇಲೆ ಕಂಪನಿಯ ಜಾಗಕ್ಕೆ ಹೋಗಿ, ಸಾಧ್ಯವಾದರೆ ಅದರ ಗ್ರಾಹಕರಲ್ಲಿ ಇಬ್ಬರನ್ನಾದರೂ ಕಂಪನಿಯವರಿಲ್ಲದಾಗ ಮಾತಾಡಿಸಿ. ಹಣ ಕೊಡುವುದಾದರೆ ಬ್ಯಾಂಕ್ ಮೂಲಕವೇ ಕೊಡಬೇಕು, ನಗದು ಸಲ್ಲದು. 2013ರ ಕಂಪನಿ ಕಾಯ್ದೆಯ 42ನೆಯ ಸೆಕ್ಷನ್ ಪ್ರಕಾರ ಹಣ ಪಡೆದ 60 ದಿನಗಳೊಳಗೆ ಷೇರು ಹಂಚಬೇಕು, ತಪ್ಪಿದರೆ ಮುಂದಿನ 15 ದಿನಗಳಲ್ಲಿ ಹಣ ಹಿಂದಿರುಗಿಸಬೇಕು. ಹಣ ಕಳಿಸಿದ ದಿನಾಂಕವನ್ನು ಅದೇ ಶೀಟಿನಲ್ಲಿ ಬರೆದು, ಐವತ್ತನೆಯ ದಿನ ನಿಮಗೊಂದು ನೆನಪಿನ ಸಂದೇಶ ಬರುವಂತೆ ಜೋಡಿಸಿಡಿ.